ಬುರುಡೆ ಎಷ್ಟು, ನಿಜ ಎಷ್ಟು? 19ನೇ ಶತಮಾನದ ಅಮೆರಿಕದ ವಿಚಿತ್ರ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದರೆ ಸಾಕು, ಊಟಕ್ಕೆ ಕೂತಾಗಲೂ ಕಾಗದ ಬರೆದಾಗಲೂ ಜನ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳಬೇಕಾದ್ದು ಆಮೇಲೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನನಗೆ ದೆವ್ವಕ್ಕಿಂತ ದೆವ್ವದ ಮನೆ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನ ಮೇಲೆ ಕುತೂಹಲ ಜಾಸ್ತಿ.

## ಶುರುವಿಗೆ

ಅಷ್ಟು ಮುಂದುವರಿದ ದೇಶದವರು ದೆವ್ವ, ರಾಕ್ಷಸ ಅಂತೆಲ್ಲಾ ನಂಬುತ್ತಿದ್ದರಾ?

ನಂಬುತ್ತಿದ್ದರು. ಆಗಿನ ಅಮೆರಿಕವನ್ನು ಈಗಿನದರ ಹಾಗೆ ಕಲ್ಪಿಸಿಕೊಳ್ಳಬೇಡಿ. ಹೆಚ್ಚಿನವರು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದರು. ಎಳೆ ಮಕ್ಕಳನ್ನು ಮಣ್ಣು ಮಾಡದ ಮನೆ ಕಮ್ಮಿ. ಅದೇ ಹೊತ್ತಿಗೆ ಕಣ್ಣೆದುರೇ ನಂಬಲಾಗದ ಸಂಗತಿಗಳು ನಡೆಯುತ್ತಿದ್ದವು. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಟೆಲಿಗ್ರಾಂ ಕಳಿಸಿ ತೋರಿಸಿದ. ಒಂದು ತಂತಿಯಲ್ಲಿ ಅಷ್ಟು ದೂರದ ಮಾತು ಬರುವುದಾದರೆ ಸತ್ತವರ ಕಡೆಯಿಂದ ಯಾಕೆ ಬರಬಾರದು ಎಂದು ಕೇಳಿದವರು ದಡ್ಡರೇನಲ್ಲ.

ಇನ್ನೊಂದು ಕಾರಣ ಪೇಪರ್. 1833ರಲ್ಲಿ ಬೆಂಜಮಿನ್ ಡೇ ಎಂಬಾತ ನ್ಯೂಯಾರ್ಕಿನಲ್ಲಿ 'ಸನ್' ಪತ್ರಿಕೆ ಶುರು ಮಾಡಿ ಒಂದೇ ಸೆಂಟಿಗೆ ಮಾರಿದ. ಆಗ ದೊಡ್ಡ ಪತ್ರಿಕೆಗಳ ಬೆಲೆ ಆರು ಸೆಂಟ್. ಒಂದು ಸೆಂಟಿನ ಪೇಪರ್ ಬದುಕಬೇಕಾದರೆ ಬೀದಿಯಲ್ಲಿ ಹುಡುಗರು ಕೂಗಿ ಮಾರುವಂಥ ಸುದ್ದಿ ದಿನಾ ಬೇಕು. ಇಲ್ಲದಿದ್ದರೆ ಹುಟ್ಟಿಸಬೇಕು.

ಚಂದ್ರನ ಮೇಲೆ ಬಾವಲಿ ಮನುಷ್ಯರಿದ್ದಾರೆ ಅಂತ ಪೇಪರಲ್ಲೇ ಬಂದಿತ್ತಂತೆ, ಹೌದಾ?

ಹೌದು, ಅದೇ 'ಸನ್' ಪತ್ರಿಕೆಯಲ್ಲಿ. 1835ರ ಆಗಸ್ಟ್ 25ರಿಂದ ಆರು ಕಂತು ಬಂತು. ಖ್ಯಾತ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕಾದಲ್ಲಿ ಭಾರೀ ದೂರದರ್ಶಕ ನಿಲ್ಲಿಸಿ ಚಂದ್ರನನ್ನು ನೋಡಿದ್ದಾರೆ ಎಂಬುದು ಸುದ್ದಿ. ಹರ್ಷೆಲ್ ಆಗ ನಿಜವಾಗಿಯೂ ಅಲ್ಲಿದ್ದರು. ಅಷ್ಟು ಮಾತ್ರ ನಿಜ. ಎರಡು ಕಾಲಲ್ಲಿ ನಡೆಯುವ ಬೀವರ್‌ಗಳು (ಹೊಳೆಗೆ ಕಟ್ಟೆ ಕಟ್ಟುವ ದಂಶಕ ಪ್ರಾಣಿ) ಮರಿಗಳನ್ನು ಕಂಕುಳಲ್ಲಿ ಎತ್ತಿಕೊಂಡು ಓಡಾಡುತ್ತವೆ, ಅವುಗಳ ಗುಡಿಸಲಿನಿಂದ ಹೊಗೆ ಬರುತ್ತದೆ, ರೆಕ್ಕೆಯಿರುವ ಮನುಷ್ಯರು ಕೂತು ಹರಟುತ್ತಾರೆ ಎಂದೆಲ್ಲಾ ಬರೆದಿದ್ದರು. ಕೊನೆಗೆ ದೂರದರ್ಶಕವನ್ನು ಸೂರ್ಯನ ಕಡೆ ಬಿಟ್ಟಿದ್ದರಿಂದ ವೀಕ್ಷಣಾಲಯಕ್ಕೇ ಬೆಂಕಿ ಬಿತ್ತು ಎಂದು ಕಥೆ ಮುಗಿಸಿದರು. ಎಷ್ಟು ಅಚ್ಚುಕಟ್ಟು ನೋಡಿ, ಇನ್ನು ಯಾರೂ ಹೋಗಿ ಪರೀಕ್ಷೆ ಮಾಡುವ ಹಾಗಿಲ್ಲ!

ಬರೆದವನು ಪತ್ರಿಕೆಯ ಸಂಪಾದಕ ರಿಚರ್ಡ್ ಆಡಮ್ಸ್ ಲಾಕ್ ಎಂಬುದು ಈಗ ಎಲ್ಲರೂ ಒಪ್ಪುವ ಮಾತು. ಸುಳ್ಳೆಂದು ಗೊತ್ತಾದ ಮೇಲೂ ಪತ್ರಿಕೆ ಮುಚ್ಚಿಹೋಗಲಿಲ್ಲ. ಓದುಗರು ನಕ್ಕು ಮತ್ತೆ ಕೊಂಡುಕೊಂಡರು.

ತಲೆ ಇಲ್ಲದ ಕುದುರೆ ಸವಾರ ನಿಜವಾಗಿ ಇದ್ದನಾ?

ಅದು ವಾಷಿಂಗ್ಟನ್ ಅರ್ವಿಂಗ್ 1820ರಲ್ಲಿ ಬರೆದ ಕಥೆಯ ಪಾತ್ರ. ಸ್ಲೀಪಿ ಹಾಲೋ ಎಂಬ ಜಾಗ ಮಾತ್ರ ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ಪಕ್ಕ ನಿಜವಾಗಿ ಇದೆ. ಪಕ್ಕದ ಊರು 1996ರಲ್ಲಿ ತನ್ನ ಅಧಿಕೃತ ಹೆಸರನ್ನೇ ಸ್ಲೀಪಿ ಹಾಲೋ ಎಂದು ಬದಲಾಯಿಸಿಕೊಂಡಿತು.

ಈ ಬಾರ್ನಮ್ ಅಂದರೆ ಯಾರು? ಎಲ್ಲಾ ಕಥೆಯಲ್ಲೂ ಅವನ ಹೆಸರು ಬರುತ್ತಲ್ಲ?

ಪಿ.ಟಿ. ಬಾರ್ನಮ್. ನ್ಯೂಯಾರ್ಕಿನಲ್ಲಿ 'ಅಮೆರಿಕನ್ ಮ್ಯೂಸಿಯಂ' ನಡೆಸಿದವನು, ಸರ್ಕಸ್ಸಿಗೆ ಬಂದದ್ದು ಆಮೇಲೆ. ಜನರ ಕಿವಿ ಮೇಲೆ ಹೂವಿಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. 1842ರಲ್ಲಿ ಫೀಜಿಯ ಮತ್ಸ್ಯಕನ್ಯೆ ಎಂದು ಒಂದನ್ನು ತೋರಿಸಿದ. ಜಾಹೀರಾತಿನ ಚಿತ್ರದಲ್ಲಿ ಚೆಲುವೆ, ಒಳಗೆ ಹೋದರೆ ಒಣಗಿ ಕರ್ರಗಾದ ಕೋತಿಯ ಮೇಲ್ಭಾಗಕ್ಕೆ ಮೀನಿನ ಬಾಲ ಹೊಲಿದ ಗೊಂಬೆ.

ಅವನ ಎಲ್ಲಾ ಆಟವೂ ನಗುವಂಥದ್ದಲ್ಲ. 1835ರಲ್ಲಿ ಜಾಯ್ಸ್ ಹೆತ್ ಎಂಬ ಕುರುಡಿ, ಗುಲಾಮಳಾಗಿದ್ದ ಕಪ್ಪು ಮುದುಕಿಯನ್ನು ಊರೂರು ಸುತ್ತಿಸಿ, ಇವಳಿಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್‌ನನ್ನು ಎತ್ತಿ ಆಡಿಸಿದ ದಾದಿ ಎಂದು ತೋರಿಸಿ ದುಡ್ಡು ಮಾಡಿದ. ಮರುವರ್ಷ ಆಕೆ ಸತ್ತಾಗ ಹೆಣ ಕೊಯ್ಯುವುದನ್ನೂ ಟಿಕೆಟ್ ಇಟ್ಟು ತೋರಿಸಿದ. ಕೊಯ್ದ ವೈದ್ಯರು ವಯಸ್ಸು 80 ದಾಟಿರಲಾರದು ಎಂದರು. ಬಾರ್ನಮ್‌ನನ್ನು ಬರೀ ತಮಾಷೆಯ ಮನುಷ್ಯ ಎಂದು ಬರೆಯುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ.

## ಸ್ವಲ್ಪ ಒಳಗೆ ಹೋದರೆ

ಕಾರ್ಡಿಫ್‌ನಲ್ಲಿ ರಾಕ್ಷಸನ ಹೆಣ ಸಿಕ್ಕಿತ್ತಂತೆ. ಅಷ್ಟು ಜನ ಹೇಗೆ ಮೋಸ ಹೋದರು?

ಇದು ನನಗೆ ತುಂಬಾ ಇಷ್ಟದ ಕಥೆ. ಬಿಂಗ್ಹ್ಯಾಮ್ಟನ್ ಊರಿನ ಹೊಗೆಸೊಪ್ಪಿನ ವ್ಯಾಪಾರಿ ಜಾರ್ಜ್ ಹಲ್ ನಾಸ್ತಿಕ. ಬೈಬಲಿನಲ್ಲಿ ಹೇಳಿದ ರಾಕ್ಷಸರು ನಿಜವಾಗಿ ಇದ್ದರೇ ಎಂದು ಒಬ್ಬ ಪಾದ್ರಿಯ ಜೊತೆ ವಾದಕ್ಕೆ ಬಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ, ಹಾಗಾದರೆ ಒಬ್ಬ ರಾಕ್ಷಸನನ್ನು ನಾನೇ ಮಾಡಿ ಹೂತಿಟ್ಟರೆ ಹೇಗೆ ಎನ್ನಿಸಿತಂತೆ.

ಅಯೋವಾದ ಫೋರ್ಟ್ ಡಾಡ್ಜ್‌ನಿಂದ ಜಿಪ್ಸಂ ಬಂಡೆ ತರಿಸಿದ. ಶಿಕಾಗೋದಲ್ಲಿ ಗುಟ್ಟಾಗಿ ಕೆತ್ತಿಸಿದ. ಚರ್ಮದ ರಂಧ್ರ ಕಾಣಲಿ ಎಂದು ಹಲಗೆಗೆ ಸೂಜಿಗಳನ್ನು ನಾಟಿ ಅದರಿಂದ ಮೈಯೆಲ್ಲಾ ಕುಟ್ಟಿದರು. ಹಳೆಯದಾಗಿ ಕಾಣಲಿ ಎಂದು ಆಸಿಡ್ ಸುರಿದರು. ಹತ್ತಡಿಗೂ ಮೀರಿದ ಉದ್ದ, ಸುಮಾರು 1,350 ಕಿಲೋ ತೂಕ. ನಂಟ ವಿಲಿಯಂ ನ್ಯೂವೆಲ್‌ನ ಹೊಲದಲ್ಲಿ, ನ್ಯೂಯಾರ್ಕ್ ರಾಜ್ಯದ ಕಾರ್ಡಿಫ್‌ನಲ್ಲಿ, ಹೂತು ಸುಮ್ಮನಾದರು. ಸುಮಾರು ಒಂದು ವರ್ಷ! ಈ ತಾಳ್ಮೆಗೆ ಭೇಷ್ ಅನ್ನಲೇಬೇಕು.

1869ರ ಅಕ್ಟೋಬರ್ 16ರಂದು ನ್ಯೂವೆಲ್ ಬಾವಿ ತೋಡಲೆಂದು ಇಬ್ಬರು ಕೂಲಿಯವರನ್ನು ಕರೆದು, ಸರಿಯಾಗಿ ಅದೇ ಜಾಗ ತೋರಿಸಿದ. ಗುದ್ದಲಿಗೆ ಮೊದಲು ಸಿಕ್ಕಿದ್ದು ಕಲ್ಲಿನ ಪಾದ. ತಡಮಾಡದೆ ಗುಂಡಿಯ ಮೇಲೆ ಡೇರೆ ಎದ್ದಿತು, ಟಿಕೆಟ್ ಶುರುವಾಯಿತು. ಮೊದಲು 25 ಸೆಂಟ್, ಜನ ಜಾಸ್ತಿಯಾದಂತೆ 50 ಸೆಂಟ್. ಕಲ್ಲಾದ ಮನುಷ್ಯ ಎಂದು ಕೆಲವರು, ಹಳೇ ಕಾಲದ ವಿಗ್ರಹ ಎಂದು ಕೆಲವರು ಜಗಳವಾಡಿದರು. ಯೇಲ್ ಕಾಲೇಜಿನ ಪಳೆಯುಳಿಕೆ ತಜ್ಞ ಓ.ಸಿ. ಮಾರ್ಷ್ ಬಂದು ನೋಡಿ, ಇದು ಮೊನ್ನೆ ಮೊನ್ನೆ ಮಾಡಿದ ಬುರುಡೆ ಎಂದ. ಒದ್ದೆ ಮಣ್ಣಿನಲ್ಲಿ ಜಿಪ್ಸಂ ಬಹಳ ದಿನ ಉಳಿಯದು, ಇದರ ಮೇಲೆ ಉಳಿ ಗುರುತು ಇನ್ನೂ ಹೊಸದಾಗಿದೆ ಎಂಬುದು ಅವನ ಲೆಕ್ಕ. ಡಿಸೆಂಬರಿನಲ್ಲಿ ಹಲ್ ತಾನೇ ಒಪ್ಪಿಕೊಂಡ.

ಮಜಾ ಇರುವುದು ನಡುವೆ. ಬಾರ್ನಮ್ ರಾಕ್ಷಸನನ್ನು ಕೊಳ್ಳಲು ಬಂದ, ಇವರು ಕೊಡಲಿಲ್ಲ. ಅವನು ಇನ್ನೊಂದು ಮಾಡಿಸಿ, ನನ್ನದೇ ಅಸಲಿ ಎಂದು ನ್ಯೂಯಾರ್ಕಿನಲ್ಲಿಟ್ಟ. ನಕಲಿಯ ನಕಲಿಗೂ ಜನ ಮುಗಿಬಿದ್ದರು. ಕೇಸ್ ಕೋರ್ಟಿಗೆ ಹೋಯಿತು. ನಿನ್ನ ರಾಕ್ಷಸ ಅಸಲಿ ಎಂದು ಅವನೇ ಬಂದು ಪ್ರಮಾಣ ಮಾಡಲಿ, ಆಮೇಲೆ ನೋಡೋಣ ಎಂಬ ಅರ್ಥದಲ್ಲಿ ಜಡ್ಜ್ ಹೇಳಿದರಂತೆ.

ಹಾಗಾಗಿ ಎಲ್ಲರೂ ಮೋಸ ಹೋದರು ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸುಳ್ಳು ಎಂದು ಗೊತ್ತಾದ ಮೇಲೂ ದುಡ್ಡು ಕೊಟ್ಟು ನೋಡಿದವರಿದ್ದರು. ನೋಡಿ, ನಾನೇ ತೀರ್ಪು ಕೊಡುತ್ತೇನೆ ಎಂಬ ಹುಮ್ಮಸ್ಸಿಗೆ 50 ಸೆಂಟ್ ಅವರಿಗೆ ದುಬಾರಿ ಅನ್ನಿಸಲಿಲ್ಲ.

ಫಾಕ್ಸ್ ಸಿಸ್ಟರ್ಸ್ ಕಾಲ್ಬೆರಳಿನಿಂದ ದೆವ್ವದ ಸದ್ದು ಮಾಡಿದ್ದು ನಿಜಾನಾ?

ಅಕ್ಕತಂಗಿಯರಲ್ಲಿ ಒಬ್ಬಳು ತಾನೇ ಹಾಗೆ ಹೇಳಿದಳು. 1848ರ ಮಾರ್ಚ್ ಕೊನೆ, ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಸಣ್ಣ ಊರು. ಮ್ಯಾಗಿಗೆ ಸುಮಾರು 14, ಕೇಟ್‌ಗೆ 11. ರಾತ್ರಿ ಮಲಗುವ ಕೋಣೆಯಲ್ಲಿ ಟಕ್ ಟಕ್ ಸದ್ದು. ಕೇಟ್ ಚಿಟಿಕೆ ಹೊಡೆದರೆ ಅಷ್ಟೇ ಸಲ ಟಕ್. ಅಮ್ಮ ಹೆದರಿ, ನನ್ನ ಮಕ್ಕಳ ವಯಸ್ಸು ಹೇಳು ಎಂದಳು. ಸದ್ದು ಸರಿಯಾಗಿ ಎಣಿಸಿ ಹೇಳಿತು. ಅಕ್ಕಪಕ್ಕದವರೆಲ್ಲಾ ಸೇರಿದರು. ಈ ಮನೆಯಲ್ಲಿ ಕೊಲೆಯಾದ ಒಬ್ಬ ತಿರುಗು ವ್ಯಾಪಾರಿಯ ಆತ್ಮ ಎಂದು ಕಥೆ ಬೆಳೆಯಿತು.

ಹಿರಿಯ ಅಕ್ಕ ಲೀಯಾ ರೋಚೆಸ್ಟರ್‌ನಲ್ಲಿದ್ದಳು. ಇದರಲ್ಲಿ ದುಡ್ಡಿದೆ ಎಂದು ಮೊದಲು ಕಂಡದ್ದು ಅವಳಿಗೆ. 1849ರ ನವೆಂಬರಿನಲ್ಲಿ ಅಲ್ಲಿನ ಕೊರಿಂಥಿಯನ್ ಹಾಲ್‌ನಲ್ಲಿ ಟಿಕೆಟ್ ಇಟ್ಟು ಸಭೆ ನಡೆಯಿತು. 1851ರಲ್ಲಿ ಬಫಲೋ ಊರಿನ ವೈದ್ಯರು, ಸದ್ದು ಬರುವುದು ಮೊಣಕಾಲಿನ ಕೀಲಿನಿಂದ ಎಂದರು. ಹುಡುಗಿಯರ ಮೊಣಕಾಲು ಬಿಗಿಯಾಗಿ ಹಿಡಿದುಕೊಂಡಾಗ ದೆವ್ವವೂ ಸುಮ್ಮನಾಯಿತು. ಆದರೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

40 ವರ್ಷ ಕಳೆದು, 1888ರ ಅಕ್ಟೋಬರ್ 21ರಂದು ಮ್ಯಾಗಿ ನ್ಯೂಯಾರ್ಕಿನ ಅಕಾಡೆಮಿ ಆಫ್ ಮ್ಯೂಸಿಕ್ ವೇದಿಕೆ ಹತ್ತಿದಳು. ಬೂಟು ಬಿಚ್ಚಿದಳು. ಕಾಲ್ಚೀಲದ ಪಾದವನ್ನು ಸಣ್ಣ ಮರದ ಮಣೆಯ ಮೇಲಿಟ್ಟಳು. ಆ ದೊಡ್ಡ ಹಾಲ್‌ನಲ್ಲಿ ಟಕ್ ಟಕ್ ಎಂದು ಕೇಳಿಸಿತು. ಶುರುವಿನಲ್ಲಿ ಸೇಬಿಗೆ ದಾರ ಕಟ್ಟಿ ನೆಲಕ್ಕೆ ಕುಕ್ಕಿ ಅಮ್ಮನನ್ನು ಹೆದರಿಸುತ್ತಿದ್ದೆವು, ಆಮೇಲೆ ಕಾಲ್ಬೆರಳಿನ ಕೀಲು ಕಲಿತೆವು ಎಂದು ಹೇಳಿದಳು. ಮರುವರ್ಷ ಆ ಮಾತನ್ನೇ ವಾಪಸು ತೆಗೆದುಕೊಂಡಳು. ಕುಡಿತ, ಬಡತನ. ಕೇಟ್ 1892ರಲ್ಲಿ, ಮ್ಯಾಗಿ 1893ರಲ್ಲಿ ತೀರಿಕೊಂಡರು. ಸತ್ತವರ ಜೊತೆ ಮಾತಾಡಬಹುದು ಎಂದು ಅವರು ಹಚ್ಚಿದ ನಂಬಿಕೆಯ ಬೆಂಕಿ ಮಾತ್ರ ಅಷ್ಟರಲ್ಲಿ ಅಟ್ಲಾಂಟಿಕ್ ದಾಟಿ ಎಷ್ಟೋ ವರ್ಷವಾಗಿತ್ತು. ಅಮ್ಮನನ್ನು ಹೆದರಿಸಲು ಹೊರಟ ಎರಡು ಮಕ್ಕಳಿಗೆ ನಿಲ್ಲಿಸುವ ದಾರಿಯೇ ಸಿಗಲಿಲ್ಲ. ನನಗಂತೂ ಅವರ ಮೇಲೆ ಸಿಟ್ಟು ಬರುವುದಿಲ್ಲ.

ಲಿಂಕನ್ ಹೆಂಡತಿಯ ಹಿಂದೆ ಲಿಂಕನ್ ದೆವ್ವ ನಿಂತಿರೋ ಫೋಟೋ ಅಸಲಿಯಾ?

ಫೋಟೋ ಅಸಲಿ, ದೆವ್ವ ಅಲ್ಲ. ಸುಮಾರು 1872ರಲ್ಲಿ ಬಾಸ್ಟನ್‌ನ ವಿಲಿಯಂ ಮಮ್ಲರ್ ತೆಗೆದದ್ದು. ಆಗ ಫೋಟೋ ಗಾಜಿನ ಪ್ಲೇಟಿನ ಮೇಲೆ ಮೂಡುತ್ತಿತ್ತು. ಒಂದೇ ಪ್ಲೇಟಿಗೆ ಎರಡು ಸಲ ಬೆಳಕು ಬಿದ್ದರೆ, ಅಥವಾ ಹಳೇ ಪ್ಲೇಟನ್ನು ಸರಿಯಾಗಿ ತೊಳೆಯದಿದ್ದರೆ, ಮಸುಕಾದ ಇನ್ನೊಂದು ಆಕಾರ ಉಳಿಯುತ್ತದೆ. ಅವನ ಕೆಲವು 'ಆತ್ಮ'ಗಳು ಊರಲ್ಲಿ ಆರಾಮಾಗಿ ಓಡಾಡಿಕೊಂಡಿದ್ದುದನ್ನು ಕಂಡವರಿದ್ದರು.

1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆ ಕೇಸ್ ಆಯಿತು. ಅವನ ವಿರುದ್ಧ ಸಾಕ್ಷಿ ಹೇಳಲು ಬಂದವನು ಯಾರು ಹೇಳಿ? ಬಾರ್ನಮ್! ತನ್ನ ಹಿಂದೆಯೂ ಲಿಂಕನ್ ದೆವ್ವ ನಿಂತ ಹಾಗೆ ಒಂದು ಫೋಟೋ ಮಾಡಿಸಿ, ಇದು ಎಷ್ಟು ಸುಲಭ ನೋಡಿ ಎಂದು ತೋರಿಸಿದ. ಸಾಕ್ಷಿ ಸಾಲದೆಂದು ಮಮ್ಲರ್‌ನನ್ನು ಬಿಟ್ಟರು. ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಎಷ್ಟೋ ಹೆಣಗಳು ಮನೆಗೆ ಬರಲೇ ಇಲ್ಲ. ಮಗನ ಮುಖದ ಹಾಗೆ ಏನೋ ಒಂದು ಬಿಳಿ ಮಬ್ಬು ಕಂಡರೂ ಸಾಕು ಎನ್ನುವ ತಾಯಂದಿರು ಇದ್ದರು. ಮೇರಿ ಲಿಂಕನ್ ಸ್ವತಃ ಗಂಡನನ್ನೂ ಮೂವರು ಮಕ್ಕಳನ್ನೂ ಕಳೆದುಕೊಂಡಿದ್ದವಳು.

ಈ ಕಥೆಗಳಿಗೂ ನಮ್ಮ ಕಡೆಗೂ ಏನಾದರೂ ನಂಟಿದೆಯಾ?

ಒಂದಿದೆ. 1874ರಲ್ಲಿ ಹೆನ್ರಿ ಆಲ್ಕಾಟ್ ಎಂಬ ವಕೀಲ ವರ್ಮಾಂಟ್‌ನ ಚಿಟೆಂಡನ್ ಹಳ್ಳಿಗೆ ಹೋದ. ಅಲ್ಲಿನ ಎಡ್ಡಿ ಮನೆತನದವರ ತೋಟದ ಮನೆಯಲ್ಲಿ ಆತ್ಮಗಳು ಬಂದು ನಿಲ್ಲುತ್ತವಂತೆ, ಪೇಪರಿಗೆ ಬರೆಯಬೇಕು ಎಂಬುದು ಕೆಲಸ. ಅಲ್ಲಿಗೆ ರಷ್ಯಾ ಮೂಲದ ಹೆಲೆನಾ ಬ್ಲಾವಟ್ಸ್ಕಿಯೂ ಬಂದಳು. 1875ರಲ್ಲಿ ಅವರು ಮತ್ತಿತರರು ಸೇರಿ ನ್ಯೂಯಾರ್ಕಿನಲ್ಲಿ ಥಿಯಾಸಾಫಿಕಲ್ ಸೊಸೈಟಿ ಕಟ್ಟಿದರು. 1879ರಲ್ಲಿ ಮುಂಬಯಿಗೆ ಬಂದು, 1882ರಲ್ಲಿ ಮದ್ರಾಸಿನ ಅಡ್ಯಾರ್‌ನಲ್ಲಿ ನೆಲೆ ನಿಂತರು. ಮುಂದೆ ಅದರ ಅಧ್ಯಕ್ಷೆಯಾದವರೇ ಆನಿ ಬೆಸೆಂಟ್. ಬೆಂಗಳೂರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ 1917ರಲ್ಲಿ ಶುರುವಾದದ್ದು ಅವರ ಪ್ರೇರಣೆಯಿಂದ. ವರ್ಮಾಂಟಿನ ದೆವ್ವದ ಮನೆಯಿಂದ ಬಸವನಗುಡಿಗೆ ಹೀಗೂ ಒಂದು ದಾರಿ!

## ಇನ್ನೂ ಬಿಡಿಸಲಾಗದ ಒಗಟುಗಳು

ಮೇರಿ ಸೆಲೆಸ್ಟ್ ಹಡಗಲ್ಲಿ ಚಹಾ ಇನ್ನೂ ಬಿಸಿ ಇತ್ತಂತೆ, ಜನ ಮಾತ್ರ ಮಾಯ. ಏನಾಯ್ತು?

ಬಿಸಿ ಚಹಾ ಆಮೇಲೆ ಯಾರೋ ಸುರಿದದ್ದು. ದಾಖಲೆಯಲ್ಲಿ ಇರುವುದು ಇಷ್ಟು: 1872ರ ನವೆಂಬರ್ 7ರಂದು ಹಡಗು ನ್ಯೂಯಾರ್ಕ್ ಬಿಟ್ಟು ಇಟಲಿಯ ಜಿನೋವಾ ಕಡೆ ಹೊರಟಿತು. ಕ್ಯಾಪ್ಟನ್ ಬೆಂಜಮಿನ್ ಬ್ರಿಗ್ಸ್, ಹೆಂಡತಿ ಸಾರಾ, ಎರಡು ವರ್ಷದ ಮಗಳು ಸೋಫಿಯಾ, ಏಳು ಜನ ನಾವಿಕರು. ಒಟ್ಟು ಹತ್ತು. ಒಳಗೆ 1,701 ಪೀಪಾಯಿ ಆಲ್ಕೋಹಾಲ್. ಸುಮಾರು ನಾಲ್ಕು ವಾರ ಕಳೆದ ಮೇಲೆ ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ನಡುವೆ 'ಡೇಯಿ ಗ್ರಾಷಿಯಾ' ಎಂಬ ಹಡಗಿನವರಿಗೆ ಇದು ದಿಕ್ಕಿಲ್ಲದೆ ಓಲಾಡುವುದು ಕಂಡಿತು. ಹತ್ತಿ ನೋಡಿದರೆ ಒಬ್ಬರೂ ಇಲ್ಲ.

ಊಟದ ಸಾಮಾನು ಬೇಕಾದಷ್ಟಿತ್ತು. ನಾವಿಕರ ಬಟ್ಟೆಬರೆ ಹಾಗೇ ಇತ್ತು. ಇಲ್ಲದ್ದು ಏನು? ಹಡಗಿನ ಒಂದೇ ಒಂದು ದೋಣಿ, ಹಡಗು ಎಲ್ಲಿದೆ ಎಂದು ಲೆಕ್ಕ ಹಾಕಲು ಬೇಕಾದ ಸೆಕ್ಸ್‌ಟಂಟ್, ಕ್ರೊನೋಮೀಟರ್ ಗಡಿಯಾರ. ಅಂದರೆ ಅವರು ಮಾಯವಾಗಲಿಲ್ಲ, ಬೇಕೆಂದೇ ಇಳಿದು ಹೋದರು. ಒಂದು ಪಂಪು ಬಿಚ್ಚಿತ್ತು, ಹೊಟ್ಟೆಯಲ್ಲಿ ಮೂರೂವರೆ ಅಡಿ ನೀರು. ದಿನಚರಿಯ ಕೊನೆಯ ಬರಹ ನವೆಂಬರ್ 25ರದ್ದು, ಸಾಂತಾ ಮರಿಯಾ ದ್ವೀಪದ ಹತ್ತಿರ.

ಜಿಬ್ರಾಲ್ಟರ್‌ನಲ್ಲಿ ವಿಚಾರಣೆ ನಡೆಯಿತು. ಕತ್ತಿಯ ಮೇಲಿನ ಕಲೆಯನ್ನು ರಕ್ತವಿರಬೇಕು ಎಂದು ಸರ್ಕಾರಿ ವಕೀಲ ಹಟ ಹಿಡಿದ. ಪರೀಕ್ಷೆಯಲ್ಲಿ ರಕ್ತ ಅಲ್ಲವೆಂದು ಬಂತು. ನನಗೆ ಒಪ್ಪಿಗೆಯಾಗುವ ವಾದ ಆಲ್ಕೋಹಾಲ್ ಆವಿಯದ್ದು. ಒಂಬತ್ತು ಪೀಪಾಯಿ ಖಾಲಿಯಾಗಿದ್ದವು. ಆವಿ ತುಂಬಿ ಹಡಗು ಸಿಡಿಯುತ್ತದೆ ಎಂದೋ, ನೀರು ತುಂಬಿ ಮುಳುಗುತ್ತದೆ ಎಂದೋ ಹೆದರಿ, ದೋಣಿಗೆ ಇಳಿದು ಹಗ್ಗ ಕಟ್ಟಿಕೊಂಡು ಹಿಂದೆ ಕಾದಿರಬೇಕು. ಹಗ್ಗ ಹರಿದರೆ ಮುಗಿಯಿತು. ಗಾಳಿ ಹಡಗನ್ನು ಒಯ್ಯುತ್ತದೆ, ದೋಣಿ ಸಮುದ್ರದ ಪಾಲು. ಸಾಬೀತು ಮಾಡಲು ಆ ಹತ್ತು ಜನರಲ್ಲಿ ಯಾರೂ ವಾಪಸು ಬರಲಿಲ್ಲ.

1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಇದನ್ನೇ ಎಳೆಯಾಗಿಟ್ಟುಕೊಂಡು ಕಥೆ ಬರೆದು, ಹಡಗನ್ನು 'ಮರೀ ಸೆಲೆಸ್ಟ್' ಎಂದು ಕರೆದರು. ಈಗಲೂ ಎಷ್ಟೋ ಜನ ಆ ತಪ್ಪು ಹೆಸರನ್ನೇ ಬಳಸುತ್ತಾರೆ.

ಎಡ್ಗರ್ ಅಲನ್ ಪೋ ಸತ್ತದ್ದು ಹೇಗೆ?

ಭಯಾನಕ ಕಥೆಗಳಿಗೆ ಹೆಸರಾದ ಈ ಅಮೆರಿಕನ್ ಲೇಖಕರು 1849ರ ಅಕ್ಟೋಬರ್ 3ರಂದು ಬಾಲ್ಟಿಮೋರ್‌ನ ಒಂದು ಹೆಂಡದಂಗಡಿಯ ಹತ್ತಿರ ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಸಿಕ್ಕರು. ಮೈಮೇಲಿದ್ದ ಅಗ್ಗದ ಬಟ್ಟೆ ಅವರದಲ್ಲ. ನಾಲ್ಕು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಕುಡಿತ, ಹುಚ್ಚುನಾಯಿ ಕಡಿತ, ಮಿದುಳಿನ ಕಾಯಿಲೆ ಎಂದೆಲ್ಲಾ ಹೇಳುತ್ತಾರೆ. ಅವರು ಸಿಕ್ಕ ದಿನ ಚುನಾವಣೆ, ಸಿಕ್ಕ ಜಾಗ ಮತಗಟ್ಟೆ. ಆಗ ಗೂಂಡಾಗಳು ದಾರಿಹೋಕರನ್ನು ಹಿಡಿದು, ಕುಡಿಸಿ, ಬಟ್ಟೆ ಬದಲಾಯಿಸಿ ಮತ್ತೆ ಮತ್ತೆ ಓಟು ಹಾಕಿಸುತ್ತಿದ್ದರು. ಈ ವಾದಕ್ಕೆ ಬಟ್ಟೆಯೂ ತಾರೀಖೂ ಹೊಂದುತ್ತವೆ ಅಲ್ವಾ?

ಬೀಲ್ ನಿಧಿಯ ಗುಪ್ತಲಿಪಿ ಬಿಡಿಸಿದರೆ ಬಂಗಾರ ಸಿಗುತ್ತಾ?

ನನ್ನನ್ನು ಕೇಳಿದರೆ, ಗುದ್ದಲಿ ಕೊಳ್ಳಬೇಡಿ. 1885ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ, ಬೀಲ್ ಎಂಬಾತ ಹೂತಿಟ್ಟ ನಿಧಿಯ ಕಥೆ ಹೇಳುವ 50 ಸೆಂಟಿನ ಪುಸ್ತಿಕೆ ಬಂತು. ಅದರಲ್ಲಿ ಮೂರು ಸಂಖ್ಯಾಲಿಪಿ. ಎರಡನೆಯದು ಮಾತ್ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕೀಲಿಯಾಗಿಟ್ಟರೆ ಬಿಡಿಸಿಕೊಳ್ಳುತ್ತದೆ. ಅದು ನಿಧಿ ಎಷ್ಟಿದೆ ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಅದರಲ್ಲಿರುವ, ಬೀಲ್ 1822ರಲ್ಲಿ ಬರೆದ ಪತ್ರ ಎನ್ನುವುದರಲ್ಲಿ ಆ ಕಾಲಕ್ಕೆ ಬಳಕೆಗೇ ಬಂದಿರದ ಮಾತುಗಳಿವೆ ಎಂದು ಪರಿಶೀಲಿಸಿದವರು ತೋರಿಸಿದ್ದಾರೆ. ನಿಧಿಯಲ್ಲಿ ದುಡ್ಡು ಮಾಡಿದವನು ಪುಸ್ತಿಕೆ ಮಾರಿದವನೇ ಇರಬೇಕು.

## ಆಳಕ್ಕೆ ಇಳಿಯುವವರಿಗೆ

ಮರ್ಸಿ ಬ್ರೌನ್ ರಕ್ತಪಿಶಾಚಿ ಅಂತ ಹೆಣ ತೆಗೆದು ಹೃದಯ ಸುಟ್ಟರಂತೆ. ಇದೂ ಬುರುಡೆನಾ?

ಅಲ್ಲ, ಇದು ನಡೆದದ್ದು. ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್ ಎಂಬ ಹಳ್ಳಿ. ರೈತ ಜಾರ್ಜ್ ಬ್ರೌನ್‌ನ ಹೆಂಡತಿ ಕ್ಷಯದಿಂದ ಸತ್ತಳು. ಮುಂದಿನ ವರ್ಷ ಹಿರಿಯ ಮಗಳು. ಕೆಲವು ವರ್ಷ ಬಿಟ್ಟು ಮಗ ಎಡ್ವಿನ್‌ಗೆ ಕೆಮ್ಮು ಹತ್ತಿತು. 1892ರ ಜನವರಿಯಲ್ಲಿ 19 ವರ್ಷದ ಮರ್ಸಿ ಹೋದಳು. ಒಂದೇ ಮನೆಯವರು ಒಬ್ಬರಾದ ಮೇಲೊಬ್ಬರು ಕರಗುವುದನ್ನು ನೋಡಿದ ಊರವರಿಗೆ ಒಂದು ಹಳೇ ನಂಬಿಕೆ ನೆನಪಾಯಿತು: ಸತ್ತವರಲ್ಲಿ ಯಾರದೋ ಜೀವ ಪೂರ್ತಿ ಹೋಗಿಲ್ಲ, ಅದು ಬದುಕಿರುವವರನ್ನು ಹೀರುತ್ತಿದೆ.

ಮಾರ್ಚ್ 17ರಂದು ಮೂವರ ಹೆಣವನ್ನೂ ನೋಡಿದರು. ತಾಯಿ, ಅಕ್ಕ ಎಲುಬಾಗಿದ್ದರು. ಮರ್ಸಿ ಹಾಗೇ ಇದ್ದಳು, ಹೃದಯದಲ್ಲಿ ರಕ್ತವಿತ್ತು. ಸತ್ತು ಎರಡು ತಿಂಗಳು, ಅದೂ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಕಡು ಚಳಿಗಾಲ. ಕೊಳೆಯದಿದ್ದರೆ ಆಶ್ಚರ್ಯವೇನು? ಅಲ್ಲಿದ್ದ ವೈದ್ಯರೂ ಇದು ಸಹಜ ಎಂದರು. ಕೇಳಲಿಲ್ಲ. ಹೃದಯವನ್ನು ಬಂಡೆಯ ಮೇಲೆ ಸುಟ್ಟು, ಬೂದಿಯನ್ನು ನೀರಿಗೆ ಬೆರೆಸಿ ಎಡ್ವಿನ್‌ಗೆ ಕುಡಿಸಿದರು ಎಂದು ಆಗಿನ ವರದಿಗಳು ಹೇಳುತ್ತವೆ. ಮೇ 2ರಂದು ಅವನೂ ಸತ್ತ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಗುರುತಿಸಿದ್ದು 1882ರಲ್ಲಿ. ಹತ್ತು ವರ್ಷವಾಗಿದ್ದರೂ ಆ ಜ್ಞಾನದಿಂದ ಹಳ್ಳಿಗೆ ಬಂದ ಔಷಧಿ ಒಂದೂ ಇರಲಿಲ್ಲ. ಜಾರ್ಜ್ ಬ್ರೌನ್‌ಗೆ ಇದರಲ್ಲಿ ನಂಬಿಕೆ ಇರಲಿಲ್ಲವಂತೆ. ಊರವರ ಒತ್ತಾಯಕ್ಕೆ ಒಪ್ಪಿದ. ಮಗ ಮಂಚದ ಮೇಲೆ ಕೆಮ್ಮುತ್ತಿರುವಾಗ ಬೇಡ ಎನ್ನಲು ಯಾವ ಅಪ್ಪನಿಗೆ ಧೈರ್ಯ ಬಂದೀತು? 'ರಕ್ತಪಿಶಾಚಿ' ಎಂದು ದೊಡ್ಡಕ್ಷರದಲ್ಲಿ ಬರೆದದ್ದು ಪೇಟೆಯ ಪೇಪರ್‌ಗಳು.

ಮಣ್ಣಿನ ದಿಬ್ಬ ಕಟ್ಟಿದ 'ಮಾಯವಾದ ಜನಾಂಗ' ಯಾವುದು?

ಯಾವುದೂ ಮಾಯವಾಗಿರಲಿಲ್ಲ. ಒಹಾಯೋ, ಮಿಸಿಸಿಪಿ ನದಿಗಳ ಬಯಲಿನಲ್ಲಿ ಸಾವಿರಾರು ದೊಡ್ಡ ಮಣ್ಣಿನ ದಿಬ್ಬಗಳಿವೆ. ಇಲಿನಾಯ್‌ನ ಕಹೋಕಿಯಾದಲ್ಲಿರುವ ದೊಡ್ಡ ದಿಬ್ಬ ಸುಮಾರು 100 ಅಡಿ ಎತ್ತರ. ಇವನ್ನು ಇಂಡಿಯನ್ನರು (ನಾವಲ್ಲ, ಅಮೆರಿಕದ ಮೂಲನಿವಾಸಿಗಳು) ಕಟ್ಟಿರಲಾರರು ಎಂದು ಬಿಳಿಯರು ತೀರ್ಮಾನಿಸಿ, ಇಸ್ರೇಲಿನ ಕಳೆದುಹೋದ ಕುಲಗಳು, ವೈಕಿಂಗರು, ಅಟ್ಲಾಂಟಿಸಿನವರು ಎಂದು ಬಾಯಿಗೆ ಬಂದದ್ದು ಹೇಳಿದರು.

ಈ ಪಟ್ಟಿಯಲ್ಲಿ ಅತಿ ಕೆಟ್ಟ ಬುರುಡೆ ಇದೇ. 1830ರಲ್ಲಿ ಇಂಡಿಯನ್ನರನ್ನು ಅವರ ನೆಲದಿಂದ ಎಬ್ಬಿಸುವ ಕಾನೂನು ಬಂತು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ ಸಂಸತ್ತಿಗೆ ಹೇಳಿದ್ದರ ಸಾರ: ಹಿಂದೆ ಬಲಶಾಲಿ ಜನಾಂಗವೊಂದು ಈಗಿನ ಬುಡಕಟ್ಟುಗಳಿಗೆ ಜಾಗ ಬಿಟ್ಟು ಅಳಿದುಹೋಯಿತು. ಅಂದರೆ ಇವರೂ ಹೊರಗಿನವರೇ, ಎಬ್ಬಿಸಿದರೆ ತಪ್ಪೇನು ಎಂದಂತಾಯಿತು. ಸ್ಮಿತ್ಸೋನಿಯನ್ ಸಂಸ್ಥೆಯ ಪರವಾಗಿ ಸೈರಸ್ ಥಾಮಸ್ ವರ್ಷಗಟ್ಟಲೆ ದಿಬ್ಬಗಳನ್ನು ಅಗೆಸಿ, 1894ರ ವರದಿಯಲ್ಲಿ ಕಟ್ಟಿದವರು ಈಗಿನ ಇಂಡಿಯನ್ನರ ಪೂರ್ವಜರೇ ಎಂದು ತೋರಿಸಿದ. ಅಷ್ಟರಲ್ಲಿ ನೆಲ ಕೈಬಿಟ್ಟಾಗಿತ್ತು. ಸೇಂಟ್ ಲೂಯಿಸ್ ಊರಿನ ದೊಡ್ಡ ದಿಬ್ಬವನ್ನು 1869ರ ಹೊತ್ತಿಗೇ ಅಗೆದು ಮಣ್ಣು ಸಾಗಿಸಿ ಮುಗಿಸಿದ್ದರು.

ಇಂಥ ಕಥೆ ಸಿಕ್ಕರೆ ನಿಜವೋ ಸುಳ್ಳೋ ಅಂತ ನಾನೇ ಹೇಗೆ ನೋಡಲಿ?

ನಾನು ಮೊದಲು ನೋಡುವುದು ಅಚ್ಚಾದ ತಾರೀಖು. ಡೇವಿಡ್ ಲ್ಯಾಂಗ್ ಎಂಬ ರೈತ 1880ರಲ್ಲಿ ಟೆನೆಸಿಯ ತನ್ನ ಹೊಲದಲ್ಲಿ ಮನೆಯವರ ಕಣ್ಣೆದುರೇ ಮಾಯವಾದ ಎಂಬ ಕಥೆ ಕೇಳಿರುತ್ತೀರಿ. ಅದು ಹೆಸರು ಮಾಡಿದ್ದು 1953ರ ಒಂದು ಪತ್ರಿಕಾ ಲೇಖನದಿಂದ. ಜನಗಣತಿಯಲ್ಲಿ ಹುಡುಕಿದವರಿಗೆ ಆ ಹೆಸರಿನ ರೈತನೇ ಅಲ್ಲಿ ಸಿಗಲಿಲ್ಲ. ಟೆನೆಸಿಯದೇ ಬೆಲ್ ಮಾಟಗಾತಿ ಕಥೆ 1817ರ ಸುಮಾರಿನದು ಎನ್ನುತ್ತಾರೆ. ಅದನ್ನು ವಿವರವಾಗಿ ಹೇಳುವ ಪುಸ್ತಕ ಬಂದದ್ದು 1894ರಲ್ಲಿ. ನಡುವಿನ 70-80 ವರ್ಷದಲ್ಲಿ ಬಾಯಿಂದ ಬಾಯಿಗೆ ಎಷ್ಟು ಉಪ್ಪುಖಾರ ಬಿದ್ದಿರಬೇಡ? ಆಮೇಲೆ, ಮೊದಲು ಕಂಡವರು ಯಾರು, ದುಡ್ಡು ಯಾರ ಜೇಬಿಗೆ ಹೋಯಿತು ಎಂದು ನೋಡುತ್ತೇನೆ. ಮರ್ಸಿ ಬ್ರೌನ್ ಕಥೆಯಲ್ಲಿ ಯಾರ ಜೇಬಿಗೂ ಹೋಗಲಿಲ್ಲ. ಅದನ್ನು ನಂಬಲು ನನಗೆ ಅದೂ ಒಂದು ಕಾರಣ.

ಅಮೆರಿಕಕ್ಕೆ ಮಗಳ ಮನೆಗೆ ಹೋಗ್ತಿದ್ದೀನಿ. ಇವುಗಳಲ್ಲಿ ಏನಾದರೂ ನೋಡೋಕೆ ಸಿಗುತ್ತಾ?

ಸಿಗುತ್ತದೆ. ಕಾರ್ಡಿಫ್ ರಾಕ್ಷಸ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನ ಫಾರ್ಮರ್ಸ್ ಮ್ಯೂಸಿಯಂನಲ್ಲಿ ಮಲಗಿದ್ದಾನೆ. ಕಹೋಕಿಯಾ ದಿಬ್ಬಗಳು ಸೇಂಟ್ ಲೂಯಿಸ್‌ಗೆ ತೀರಾ ಹತ್ತಿರ, 1982ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಮಗಳು ಕ್ಯಾಲಿಫೋರ್ನಿಯಾದ ಕಡೆ ಇದ್ದರೆ ಸ್ಯಾನ್ ಹೊಸೆಯಲ್ಲಿ ಬಂದೂಕು ಮನೆತನದ ಸಾರಾ ವಿಂಚೆಸ್ಟರ್ ಕಟ್ಟಿಸಿದ ಭಾರೀ ಮನೆಯಿದೆ. ಚಾವಣಿಗೆ ಹೋಗಿ ಮುಗಿಯುವ ಮೆಟ್ಟಿಲು ಎಲ್ಲಾ ತೋರಿಸಿ ದೆವ್ವದ ಕಥೆ ಹೇಳುತ್ತಾರೆ. 1906ರ ಭೂಕಂಪದಲ್ಲಿ ಮೇಲಿನ ಅಂತಸ್ತುಗಳು ಬಿದ್ದವು, ಕೆಲವು ದಾರಿ ಹಾಗೇ ನಿಂತವು ಎಂಬುದನ್ನೂ ಕೇಳಿಕೊಳ್ಳಿ. ಎಕ್ಸೆಟರ್‌ನಲ್ಲಿ ಮರ್ಸಿಯ ಸಮಾಧಿಗೆ ಟಿಕೆಟ್ ಇಲ್ಲ. ಚರ್ಚ್ ಹಿಂದಿನ ಸ್ಮಶಾನದಲ್ಲಿ ಸಣ್ಣ ಕಲ್ಲು. ಯಾರೋ ಒಮ್ಮೆ ಅದನ್ನೂ ಕದ್ದೊಯ್ದಿದ್ದರು, ಈಗ ಕಬ್ಬಿಣದ ಪಟ್ಟಿ ಬಿಗಿದು ನಿಲ್ಲಿಸಿದ್ದಾರೆ. ಬಂದವರು ಹೂವು, ಚಿಲ್ಲರೆ ಕಾಸು ಇಟ್ಟು ಹೋಗುತ್ತಾರೆ.